ನಾನೇ ಹೊಲಿದ ಸೀಟಿನಿಂದ ನಾನೇಕೆ ಇಳಿಯಲಿ?

ಅದು ೧೯೭೮ನೇ ಇಸವಿ. ಗಡಹಿಂಗ್ಲಜದ ಮೆಣಸಿನಕಾಯಿ ವ್ಯಾಪಾರಿಗಳ ಮನೆಗೆ ನಾನು ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ನನ್ನ ತವರು ಇಚಲಕರಂಜಿ. ಹಗಲೂ ರಾತ್ರಿ ಮಗ್ಗದ ಸದ್ದಿನಲ್ಲಿ ಬೆಳೆದವಳಾದ್ದರಿಂದ ನನ್ನ ದನಿ ಮೊದಲಿನಿಂದಲೂ ಜೋರು. ಆದರೆ ಗಂಡನ ಮನೆಯಲ್ಲಿ ಆ ದನಿಗೆ ಕೆಲಸವೇ ಇರಲಿಲ್ಲ. ಮಾವನವರ ಎದುರು ಸೊಸೆ ಮಾತಾಡುವಂತಿರಲಿಲ್ಲ. ಅವರು ಕಣ್ಣೆದುರೇ ಕೂತಿದ್ದರೂ ನಾನು ಬಾಗಿಲ ಮರೆಯಲ್ಲಿ ನಿಂತು, "ಅತ್ತೀ, ಮಾವಾರಿಗೆ ಇನ್ನೊಂದೀಟು ಚಾ ಬೇಕೇನ ಕೇಳ್ರಿ" ಎನ್ನಬೇಕು. ಅವರು, "ಬ್ಯಾಡಂತ ಹೇಳ" ಎಂದು ಅತ್ತೆಗೇ ಹೇಳಬೇಕು. ಮಧ್ಯದಲ್ಲಿ ಅತ್ತೆ ತಲೆ ಆಡಿಸಬೇಕು. ಮೂರು ವರ್ಷ ಹೀಗೇ ನಡೆದಿತ್ತು.

ಮನೆಯಲ್ಲಿ ಒಂದು ಹಳೆಯ ಪಿಕಪ್ ಗಾಡಿ ಇತ್ತು. ಕೊಲ್ಲಾಪುರದಲ್ಲಿ ಯಾರೋ ಓಡಿಸಿ ಸಾಕಾಗಿ ಮಾರಿದ್ದನ್ನು ಮಾವನವರು ತಂದಿದ್ದರು. ವಾರಕ್ಕೊಮ್ಮೆ ಅದು ಮೆಣಸಿನಕಾಯಿ ಚೀಲ ಹೇರಿಕೊಂಡು ಸಂಕೇಶ್ವರ, ನಿಪ್ಪಾಣಿ, ಕಾಗಲ ದಾಟಿ ಕೊಲ್ಲಾಪುರದ ಪೇಟೆಗೆ ಹೋಗುತ್ತಿತ್ತು. ಓಡಿಸುವವರು ನಮ್ಮ ಮನೆಯವರು, ಪಕ್ಕದಲ್ಲಿ ಮಾವನವರು. ಮುಂದುಗಡೆ ಆ ತುದಿಯಿಂದ ಈ ತುದಿಯವರೆಗೆ ಒಂದೇ ಸೀಟು, ಮೂವರು ಆರಾಮಾಗಿ ಕೂರಬಹುದು. ಆದರೆ ಅದರ ಎಡಗಡೆಯ ಅರ್ಧ ಪೂರ್ತಿ ಕುಸಿದಿತ್ತು. ರೆಕ್ಸಿನ್ ಹರಿದು ಸ್ಪ್ರಿಂಗುಗಳು ಹೊರಗೆ ಬಂದಿದ್ದವು. ಮಾವನವರು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಂಡು ಅದರ ಮೇಲೆ ಕೂರುತ್ತಿದ್ದರು.

ಅದಕ್ಕೆ ಒಂದೂವರೆ ವರ್ಷದ ಹಿಂದೆ ನಾನು ಮೊದಲ ಸಲ ಬಸುರಿಯಾಗಿದ್ದೆ. ಐದನೇ ತಿಂಗಳಲ್ಲಿ ಕೊಲ್ಲಾಪುರದ ಡಾಕ್ಟರ್ ಬಾಯಿಗೆ, ಅಂದರೆ ಕನ್ನಡ ಬಲ್ಲ ಲೇಡಿ ಡಾಕ್ಟರಿಗೆ, ತೋರಿಸಿಕೊಂಡು ಬರಬೇಕೆಂದು ಮನೆಯಲ್ಲಿ ಮಾತಾಯಿತು. ಎಸ್.ಟಿ. ಬಸ್ಸಿನಲ್ಲಿ ಹೋಗುತ್ತೇನೆಂದು ಅತ್ತೆಯ ಕಡೆಯಿಂದ ಹೇಳಿಸಿದೆ. "ಮನ್ಯಾಗ ಗಾಡಿ ಇಟಗೊಂಡು ಸೊಸಿನ್ನ ಎಸ್.ಟಿ. ಹತ್ತಿಸಿದ್ರ ಮಂದಿ ಏನಂದಾರು?" ಎಂದರು ಮಾವನವರು. ಹಾಗಾದರೆ ಗಾಡಿಯಲ್ಲಿ ಎಲ್ಲಿ ಕೂರಬೇಕು? "ಮುಂದ ಸೀಟ ಕೆಟ್ಟೈತಿ, ಸ್ಪ್ರಿಂಗ ಚುಚ್ಚತಾವ. ಹಿಂದ ಚೀಲದ ಮ್ಯಾಲ ಮೆತ್ತಗಿರತೈತಿ, ಅಲ್ಲೇ ಕುಂದ್ರಂತ ಹೇಳ."

ಕೂತೆ. ಅತ್ತೆಯೂ ಪಕ್ಕದಲ್ಲಿ ಕೂತು ನನ್ನ ಬೆನ್ನು ಹಿಡಿದುಕೊಂಡಿದ್ದರು. ಒಣ ಮೆಣಸಿನಕಾಯಿ ಚೀಲದ ಮೇಲೆ ಎಪ್ಪತ್ತು ಕಿಲೋಮೀಟರ್ ಹೋಗುವುದೆಂದರೆ ಏನೆಂದು ಹೋದವರಿಗೇ ಗೊತ್ತು. ಗಾಡಿ ಕುಕ್ಕಿದಾಗಲೆಲ್ಲ ಚೀಲದಿಂದ ಘಾಟು ಏಳುತ್ತಿತ್ತು. ಕೆಮ್ಮಿ ಕೆಮ್ಮಿ ಪಕ್ಕೆಲುಬು ನೋಯುತ್ತಿದ್ದವು. ಕೊಲ್ಲಾಪುರ ಮುಟ್ಟುವಷ್ಟರಲ್ಲಿ ಹೊಟ್ಟೆನೋವು ಶುರುವಾಯಿತು. ಮರುದಿನ ಬೆಳಗಾಗುವುದರೊಳಗೆ ಎಲ್ಲ ಮುಗಿದಿತ್ತು.

ಡಾಕ್ಟರ್ ಬಾಯಿ ಕಾಗದ ಹಿಡಿದುಕೊಂಡು, "ಏನಾರ ಒಜ್ಜೆ ಎತ್ತಿದ್ದಳೇನ್ರಿ?" ಎಂದು ಕೇಳಿದರು. ಬಾಗಿಲಲ್ಲಿ ನಿಂತಿದ್ದ ಮಾವನವರು, "ಹೌದ್ರಿ. ನೀರಿನ ಕೊಡಾ ಎತ್ತ್ಯಾಳ. ಹೇಳಿದ ಮಾತ ಕೇಳೂದಿಲ್ಲ" ಎಂದುಬಿಟ್ಟರು. ಬಾಯಿ ಹಾಗೇ ಬರೆದುಕೊಂಡರು. ನಾನು ಕೊಡ ಎತ್ತಿರಲಿಲ್ಲ. ಐದು ತಿಂಗಳೂ ನೀರು ತಂದವರು ಅತ್ತೆ. ಆದರೆ ಹಾಸಿಗೆಯಲ್ಲಿ ಬಿದ್ದಿದ್ದ ನಾನು ತುಟಿ ಪಿಟಕ್ಕೆನ್ನಲಿಲ್ಲ. ಊರಿಗೆ ಬಂದ ಮೇಲೆ ಬೀಗರು ಬಿಜ್ಜರೆಲ್ಲ ಅದನ್ನೇ ಆಡಿಕೊಂಡರು. ಕೊಡ ಎತ್ತಿ ಕೂಸು ಕಳೆದುಕೊಂಡವಳು! ಕೂಸು ಹೋದ ದುಃಖ ಒಂದು ಕಡೆ, ಈ ಸುಳ್ಳು ಇನ್ನೊಂದು ಕಡೆ. ಯಾವುದು ಹೆಚ್ಚು ಸುಡುತ್ತಿತ್ತೆಂದು ಈಗಲೂ ಹೇಳಲಾರೆ.

ಮತ್ತೆ ಬಸುರಿಯಾದೆ. ಹೊಸ ಮೆಣಸಿನಕಾಯಿ ಬರುವ ಕಾಲಕ್ಕೇ ನನಗೆ ಐದು ತುಂಬುತ್ತಿತ್ತು. ಕೊಲ್ಲಾಪುರಕ್ಕೆ ಹೋಗುವ ಮಾತು ಎದ್ದ ಕೂಡಲೇ ಆ ಚೀಲಗಳು ನೆನಪಾದವು. ಆಮೇಲೆ ಸಿಟ್ಟು ಬಂತು. ಸೀಟು ಕೆಟ್ಟಿದೆ ಅಂತ ತಾನೇ ನನ್ನನ್ನು ಹಿಂದೆ ಹತ್ತಿಸಿದ್ದು? ಕೆಟ್ಟಿದ್ದನ್ನು ಸರಿ ಮಾಡಿದರೆ ಮುಗಿಯಿತಲ್ಲ! ಅತ್ತೆಯ ಮೂಲಕ ಕೇಳಿಸಿದೆ. "ಸೀಟ ಹೊಲಸಾಕ ಕೊಲ್ಲಾಪುರದಾಗ ಎರಡ ದಿನಾ ಗಾಡಿ ನಿಲ್ಲಸಬೇಕು. ಈ ಸೀಜನ್ನಿನ್ಯಾಗ ಆಗೂದಿಲ್ಲಂತ ಹೇಳ" ಎಂದರು. "ಹಂಗಾರ ನಾನ ಹೊಲಿತೇನಂತ ಹೇಳ್ರಿ" ಎಂದೆ. ಮಾವನವರು ನಕ್ಕರು. "ಜಂಪರ ಹೊಲದಂಗ ಅಲ್ಲಂತ ಹೇಳ." ಆದರೆ ಬೇಡ ಎನ್ನಲಿಲ್ಲ.

ಅಮವಾಸ್ಯೆಯ ದಿನ ಪೇಟೆ ಬಂದ್, ಗಾಡಿಗೂ ರಜೆ. ನಮ್ಮ ಮನೆಯವರು ಬೆಳಗ್ಗೆಯೇ ಬೋಲ್ಟು ಬಿಚ್ಚಿ ಸೀಟನ್ನು ಅಂಗಳಕ್ಕೆ ತಂದಿಟ್ಟರು. ಹಳೆಯ ರೆಕ್ಸಿನ್ ಸುಲಿದು ನೋಡಿದರೆ ಒಳಗಿನ ತೆಂಗಿನ ನಾರು ಪುಡಿಪುಡಿಯಾಗಿತ್ತು. ಅದರಲ್ಲೊಂದು ಇಲಿಯ ಸಂಸಾರ! ಅತ್ತೆ ಕೂಗಿಕೊಂಡು ಕಟ್ಟೆ ಹತ್ತಿದರು. ಎಡಗಡೆಯ ನಾಲ್ಕು ಸ್ಪ್ರಿಂಗುಗಳು ಮುರಿದಿದ್ದವು. ಅವನ್ನು ಕಿತ್ತು ಹಾಕಿ, ಹಳೆಯ ಸೈಕಲ್ ಟ್ಯೂಬುಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ನವಾರದ ಮಂಚ ಹೆಣೆಯುವಂತೆ ಅಡ್ಡಡ್ಡ ಉದ್ದುದ್ದ ಬಿಗಿದು ಹೆಣೆದೆ. ಅದರ ಮೇಲೆ ಗೋಣಿತಟ್ಟು. ಮನೆ ತುಂಬ ಮೆಣಸಿನಕಾಯಿ ಚೀಲಗಳಿದ್ದವು, ಆದರೆ ಅವನ್ನು ಒಳಗೆ ಹಾಕಿ ಹೊಲಿದರೆ ಮೇಲೆ ಕೂತವರ ಗತಿ ಏನು? ಕಿರಾಣಿ ಅಂಗಡಿಯಿಂದ ಸಕ್ಕರೆ ಚೀಲ ಕೇಳಿ ತರಿಸಿದೆ. ಇಚಲಕರಂಜಿಯಿಂದ ನಮ್ಮಣ್ಣ ಮಗ್ಗದಲ್ಲಿ ಉಳಿದ ತುಂಡು ನೂಲನ್ನು ಒಂದು ಮೂಟೆ ಕಳಿಸಿದ್ದ. ಬಿಸಿಲಿಗೆ ಒಣಗಿಸಿದ ಹೊಸ ನಾರಿನ ಮೇಲೆ ಅದನ್ನು ಎರಡು ಬೆರಳು ದಪ್ಪ ಹಾಸಿದೆ.

ರೆಕ್ಸಿನ್ ತಂದವರು ನಮ್ಮ ಮನೆಯವರು. ಕಂದು ತನ್ನಿ, ಕರಿ ತನ್ನಿ ಎಂದರೆ ಗಿಣಿ ಹಸಿರು ತಂದಿದ್ದರು. "ಅದೊಂದ ತುಂಡ ಉಳದಿತ್ತ ಮಾರಾಯ್ತಿ" ಎಂದು ತಲೆ ಕೆರೆದುಕೊಂಡರು. ನನ್ನ ಹೊಲಿಗೆ ಮಷಿನ್ನಿನ ಮೂರು ಸೂಜಿ ಆ ರೆಕ್ಸಿನ್ನಿಗೆ ಬಲಿಯಾದವು. ಕೊನೆಗೆ ಚೀಲದ ಬಾಯಿ ಹೊಲಿಯುವ ದಬ್ಬಣ ಹಿಡಿದು ಕೈಯಿಂದಲೇ ಹೊಲಿಯತೊಡಗಿದೆ. ದಪ್ಪ ಅಂಚು ಬಂದಾಗ ದಬ್ಬಣ ಒಳಗೇ ಹೋಗದು. ಹೊಟ್ಟೆಗೆ ಆನಿಸಿಕೊಂಡು ಒತ್ತಿದೆ. ಅಷ್ಟು ಹೊತ್ತು ಕಟ್ಟೆಯ ಮೇಲೆ ಕೂತು ಗೊಣಗುತ್ತಿದ್ದ ಅತ್ತೆ ತಟ್ಟನೆ ಎದ್ದು ಬಂದರು. "ಹೊಟ್ಟಿಗಿ ಒತ್ತಬ್ಯಾಡ. ಇತ್ತ ಕೊಡ, ನಾ ಹೊಲಿತೇನಿ" ಎಂದು ದಬ್ಬಣ ಕಸಿದುಕೊಂಡು ಸರಸರ ಹೊಲಿದು ಮುಗಿಸಿದರು.

ಸಂಜೆ ಮಾವನವರು ಬಂದು ಸೀಟಿನ ಮೇಲೆ ಕೂತು ಎರಡು ಸಲ ಕುಪ್ಪಳಿಸಿ ನೋಡಿದರು. "ಬಣ್ಣಾ ನೋಡಿದ್ರ ಮದುವಿ ಮೋಟಾರ ಆಗೇತಿ. ಆದ್ರ ಭಾಳ ಛಲೋ ಆಗೇತಿ" ಎಂದರು. ಬಂದವರನ್ನೆಲ್ಲ ಕರೆದು ಸೊಸೆಯ ಕೈಗೆಲಸ ತೋರಿಸಿದರು. ನನಗೆ ಒಳಗೊಳಗೇ ನಗು. ಪುಣ್ಯಾತ್ಮರು ಅದನ್ನೆಲ್ಲ ತಮಗಾಗಿ ಮಾಡಿದೆನೆಂದು ತಿಳಿದಿದ್ದರು!

ನಾಲ್ಕು ದಿನ ಬಿಟ್ಟು ಕೊಲ್ಲಾಪುರಕ್ಕೆ ಹೊರಟೆವು. ಹಿಂದೆ ಚೀಲ ಹೇರಿ ಆಗಿತ್ತು. ನಮ್ಮ ಮನೆಯವರು ಗಾಡಿ ಶುರು ಮಾಡುತ್ತಿದ್ದರು. ನಾನು ಸೆರಗು ಬಿಗಿದುಕೊಂಡು ಸೀದಾ ಎಡಗಡೆಯ ಬಾಗಿಲು ತೆಗೆದು ಹತ್ತಿ, ನಡುವೆ ಕೂತೆ. ಮಾವನವರಿಗೆ ಕಿಟಕಿಯ ಕಡೆಯ ಜಾಗ ಬಿಟ್ಟಿದ್ದೆ. ಧೋತರ, ಕರಿ ಕೋಟು, ಟೊಪ್ಪಿಗೆ ಹಾಕಿಕೊಂಡು ಬಂದವರು ಬಾಗಿಲಲ್ಲೇ ನಿಂತರು. ನನ್ನನ್ನು ನೋಡಲಿಲ್ಲ, ಹೊಸ್ತಿಲ ಮೇಲಿದ್ದ ಅತ್ತೆಯ ಕಡೆ ತಿರುಗಿದರು.

"ಆಕಿಗೆ ಹಿಂದ ಹತ್ತಂತ ಹೇಳ."

ಅತ್ತೆ, "ನೀವ ಹೇಳ್ರಿ. ಎದುರಿಗೇ ಕುಂತಾಳಲ್ಲ" ಎಂದರು.

ಮಾವನವರು ನನ್ನ ಕಡೆ ತಿರುಗಿದರು. ಮೂರು ವರ್ಷದಲ್ಲಿ ಮೊದಲ ಸಲ ನೇರವಾಗಿ ನನಗೇ ಹೇಳಿದರು: "ಇಳಿಯವಾ. ಹಿಂದ ಕುಂದ್ರ."

"ಸೀಟ ಕೆಟ್ಟೈತಿ ಅಂದಿದ್ರಿ ಮಾವಾರ. ಈಗೇನ ಕೆಟ್ಟಿಲ್ಲಲ್ರೀ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಸೀಟಿನ ಮಾತಲ್ಲ ಅದು. ಮಾವ ಸೊಸಿ ಒಂದ ಗಾದಿ ಮ್ಯಾಲ ಕುಂದ್ರೂದು ಎಲ್ಯಾರ ಐತೇನು? ಮಂದಿ ಏನಂದಾರು?"

ಅಂದರೆ ಸೀಟು ಬರೀ ನೆಪವಾಗಿತ್ತು! ಒಂದೂವರೆ ವರ್ಷ ನಾನು ಆ ಸ್ಪ್ರಿಂಗುಗಳಿಗೆ ಶಾಪ ಹಾಕುತ್ತ ಕೂತಿದ್ದೆ. ಮೈಯೆಲ್ಲ ಉರಿದುಹೋಯಿತು. "ಹಿಂದ ಕುಂತ ಹೋಗಿ ಕೂಸು ಕಳಕೊಂಡೆ. ಆವಾಗ ಈ ಮಂದಿ ಏನಂದ್ರು ಹೇಳ್ರಿ? ನನ್ನನ್ನ ಅಂದ್ರು. ಈಗ ಏನ ಬೇಕಾದ್ದ ಅನ್ನಲಿ. ಈ ಸೀಟ ನಾ ಹೊಲದೇನಿ, ನಾ ಇಳಿಯೂದಿಲ್ಲ. ನಿಮಗ ಬಾಜೂಕ ಕುಂದ್ರಾಕ ಆಗಲಿಲ್ಲಂದ್ರ ಹಿಂದ ಜಾಗಾ ಐತಿ. ಚೀಲದ ಮ್ಯಾಲ ಮೆತ್ತಗಿರತೈತಿ."

ನಮ್ಮ ಮನೆಯವರು ಸ್ಟೇರಿಂಗ್ ಹಿಡಿದುಕೊಂಡು ಗಾಜಿನ ಆಚೆ ನೋಡುತ್ತಿದ್ದರು. ಮಾವನವರು ಮಗನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಯಾರೂ ಅವರ ಪರ ಬರಲಿಲ್ಲ. ದಡಾರನೆ ಬಾಗಿಲು ಹಾಕಿ, ಧೋತರ ಎತ್ತಿ ಕಟ್ಟಿ, ಹಿಂದೆ ಹೋಗಿ ಚೀಲದ ಮೇಲೆ ಹತ್ತಿಯೇ ಬಿಟ್ಟರು.

ಪೇಟೆಯ ನಡುವೆಯೇ ಗಾಡಿ ಹೋಗಬೇಕು. ದಾರಿಯಲ್ಲೊಬ್ಬ ವ್ಯಾಪಾರಿ ಅವರನ್ನು ನೋಡಿ, "ಕಾಯ್ ಅಣ್ಣಾ, ಆಜ್ ಮಾಗಂ ಬಸಲಾಯಸಾ?" ಎಂದು ಮರಾಠಿಯಲ್ಲಿ ಕೂಗಿದ. ಇವತ್ತು ಹಿಂದೆ ಯಾಕೆ ಕೂತಿರಿ ಎಂದು. "ಹವಾ ಖಾತೋಯ!" ಎಂದರು ಮಾವನವರು. ಗಾಳಿ ತಿನ್ನುತ್ತಿದ್ದೇನೆ ಎಂದು! ನಮ್ಮ ಮನೆಯವರು ನಗು ತಡೆಯಲಾಗದೆ ಕೆಮ್ಮಿದಂತೆ ಮಾಡಿದರು.

ಸಂಕೇಶ್ವರ ದಾಟಿದ ಮೇಲೆ ಹಿಂದಿನಿಂದ ನಿಜವಾದ ಕೆಮ್ಮು ಕೇಳತೊಡಗಿತು. ಮೊದಲು ಸೀನು, ಆಮೇಲೆ ಕೆಮ್ಮು, ಬಿಡದೆ ಕೆಮ್ಮು. ನಮ್ಮ ಮನೆಯವರು ವೇಗ ಕಡಿಮೆ ಮಾಡಿ ನನ್ನ ಕಡೆ ನೋಡಿದರು. "ನಿಲ್ಲಸಲೇನು?" ಎಂದರು. ನನಗೆ ಆಗ ಅಯ್ಯೋ ಪಾಪ ಅನ್ನಿಸಲಿಲ್ಲ. ಕೆಮ್ಮಲಿ, ಅಂದುಕೊಂಡೆ. ಹಾಗೆ ಅಂದುಕೊಂಡೆನಲ್ಲ ಎಂಬ ಪಶ್ಚಾತ್ತಾಪವೂ ನನಗೆ ಇವತ್ತಿನವರೆಗೆ ಆಗಿಲ್ಲ.

ತವನಿಧಿಯಲ್ಲಿ ಗಾಡಿ ನಿಲ್ಲಿಸಿ ದೇವರಿಗೆ ಕೈಮುಗಿದು ಮುಂದೆ ಹೋಗುವುದು ನಮ್ಮ ಜೈನರ ರೂಢಿ. ಅಲ್ಲಿ ಮಾವನವರು ಇಳಿದರು. ಇಳಿದರೇನು, ಮಗನ ಹೆಗಲು ಹಿಡಿದು ಜಾರಿದರು. ಕಣ್ಣು ಕೆಂಡದಂತಾಗಿದ್ದವು, ಮೂಗು ಸುರಿಯುತ್ತಿತ್ತು, ಸೊಂಟ ನೆಟ್ಟಗಾಗುತ್ತಿರಲಿಲ್ಲ. ನಲ್ಲಿಯ ಹತ್ತಿರ ಹೋಗಿ ಎಷ್ಟೋ ಹೊತ್ತು ಮುಖ ತೊಳೆದುಕೊಂಡರು. ಆಮೇಲೆ ಬಂದು ಎಡಗಡೆಯ ಬಾಗಿಲು ತೆಗೆದರು. ನಾನು ಗೇರಿನ ಕಡೆಗೆ ಸ್ವಲ್ಪ ಸರಿದೆ. ಹತ್ತಿ, ಇಬ್ಬರ ನಡುವೆ ಬುತ್ತಿಯ ಚೀಲ ಇಟ್ಟುಕೊಂಡು ಕೂತರು.

ಡಾಕ್ಟರ್ ಬಾಯಿ ನನ್ನನ್ನು ಪರೀಕ್ಷೆ ಮಾಡಿ, ಎಲ್ಲ ಚೆನ್ನಾಗಿದೆ ಎಂದರು. ಹಳೆಯ ಕಾಗದ ತೆಗೆದು ನೋಡಿ, "ಈ ಸಲ ಒಜ್ಜೆ ಗಿಜ್ಜೆ ಎತ್ತಬ್ಯಾಡ ನೋಡವಾ" ಎಂದರು.

"ಹೋದ ಸಲಾನೂ ಎತ್ತಿದ್ದಿಲ್ರಿ" ಎಂದೆ. ಒಂದು ಸಲ ತೆರೆದ ಬಾಯಿ, ಇನ್ನು ಮುಚ್ಚುವುದುಂಟೇ?

"ಇಲ್ಲಿ ಬರದೈತಲ್ಲ?"

"ಸುಳ್ಳ ಐತ್ರಿ ಅದು."

ಬಾಯಿ ಬಾಗಿಲಲ್ಲಿದ್ದ ಮಾವನವರನ್ನು ನೋಡಿದರು. ನಾನೂ ತಿರುಗಿ ನೋಡಿದೆ, ತಲೆ ತಗ್ಗಿಸಲಿಲ್ಲ. ಇಲ್ಲ ಎಂದಿದ್ದರೆ ಅಲ್ಲೇ ಜಗಳಕ್ಕೆ ನಿಲ್ಲುವವಳಿದ್ದೆ. ಅವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಖರೇ ಐತ್ರಿ. ಆಕಿ ಏನೂ ಎತ್ತಿದ್ದಿಲ್ಲ. ನಾನ ಸುಳ್ಳ ಹೇಳಿದ್ದೆ. ಗಾಡಿ ಹಿಂದ ಮೆಣಸಿನಕಾಯಿ ಚೀಲದ ಮ್ಯಾಲ ಕುಂದ್ರಸಿ ಕರಕೊಂಡ ಬಂದಿದ್ದೆ. ಹೆಂಗಿರತೈತಿ ಅನ್ನೂದು ಇವತ್ತ ಗೊತ್ತಾತ್ರಿ ನನಗ."

ಬಾಯಿ ಕಾಗದದ ಮೇಲಿನ ಆ ಸಾಲನ್ನು ಹೊಡೆದು ಹಾಕಿದರು. ಕೂಸು ಹೋದದ್ದು ಅದರಿಂದಲೇ ಎಂದು ಹೇಳಲಿಕ್ಕೆ ಬರುವುದಿಲ್ಲ ಎಂದೂ ಹೇಳಿದರು. ಇರಬಹುದು. ಓದಿದವರ ಮಾತು, ನಾನು ಇಲ್ಲ ಎನ್ನುವುದಿಲ್ಲ. ಆದರೆ ನನ್ನ ಮೇಲೆ ಹೊರಿಸಿದ ತಪ್ಪು ನನ್ನದಲ್ಲ ಎಂಬ ಒಂದು ಮಾತಿಗೆ ನಾನು ಒಂದೂವರೆ ವರ್ಷ ಕಾದಿದ್ದೆ. ಅಲ್ಲೇ ಕೂತು ಜೋರಾಗಿ ಅತ್ತುಬಿಟ್ಟೆ. ಬೇಕಾದಷ್ಟು ಅತ್ತೆ. ಯಾರೂ ಸುಮ್ಮನಿರು ಎನ್ನಲಿಲ್ಲ.

ಮಾವನವರು ಈಗಿಲ್ಲ. ಆಮೇಲಿನ ದಿನಗಳಲ್ಲಿ ನಾವಿಬ್ಬರೂ ನೇರವಾಗಿಯೇ ಮಾತಾಡಿದೆವು, ಎಷ್ಟೋ ಸಲ ಜಗಳವನ್ನೂ ಆಡಿದೆವು. ಆದರೂ ಮದುವೆ ಮುಂಜಿಗಳಲ್ಲಿ ನನ್ನನ್ನು ಕಂಡರೆ ಹಳಬರು ಇವತ್ತಿಗೂ ಒಬ್ಬರ ಕಿವಿಯಲ್ಲೊಬ್ಬರು ಹೇಳಿಕೊಳ್ಳುತ್ತಾರೆ: "ಮಾವನ್ನ ಚೀಲದ ಮ್ಯಾಲ ಕುಂದ್ರಸಿದಾಕಿ ಈಕಿನ." ನಾನು ಕೇಳಿಸದವಳಂತೆ ಹೋಗುವುದಿಲ್ಲ. ಪಕ್ಕದಲ್ಲಿರುವ ಮಗಳ ಕೈ ಹಿಡಿದು ಅವರ ಮುಂದೆಯೇ ಹೋಗಿ ನಿಲ್ಲುತ್ತೇನೆ.

"ಹೌದ್ರಿ, ನಾನ. ಅವತ್ತ ಹೊಟ್ಟ್ಯಾಗ ಇದ್ದಾಕಿ ಈಕಿ."