ಮಾಳಪ್ಪನ ಹಾಜರಿ

ಆ ರಾತ್ರಿ ನಾನು ಕುಡಿದಿರಲಿಲ್ಲ. ಜ್ವರವೂ ಇರಲಿಲ್ಲ. ದೆವ್ವ ಕಂಡೆ ಅನ್ನುವವರನ್ನು ನೋಡಿದರೆ ನನಗೆ ಮೊದಲಿನಿಂದಲೂ ನಗು. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಆದರೆ ಆ ಸದ್ದು ಕೇಳಿದ್ದು ಇದೇ ಕಿವಿಗಳಿಂದ...

ಎಪ್ಪತ್ತರ ದಶಕದ ಮಾತು. ಹುಮನಾಬಾದಿನ ಹೊರಗೆ, ಹೈವೇ ಬಿಟ್ಟು ಸ್ವಲ್ಪ ಒಳಗೆ, ನಿಜಾಮರ ಕಾಲದ ಒಂದು ಉದ್ದನೆಯ ಕಟ್ಟಡವಿತ್ತು. ಆಗಿನ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸಿಪಾಯಿಗಳನ್ನು ಅಲ್ಲಿ ಇಟ್ಟಿದ್ದರು. ಊರಿನ ಪುಂಡರು ಅದಕ್ಕೆ 'ಲಂಗಡಾ ಪಲ್ಟನ್', ಅಂದರೆ ಕುಂಟರ ದಂಡು, ಎಂದು ಹೆಸರಿಟ್ಟಿದ್ದರು. ಇದ್ದವರು ಒಬ್ಬೊಬ್ಬರಾಗಿ ತೀರಿಕೊಂಡರು. ಉಳಿದವರನ್ನು ಬೇರೆ ಕಡೆ ಕಳಿಸಿ ಬೀಗ ಹಾಕಲಾಯಿತು. ಅಲ್ಲಿನ ಹಳೇ ಕಾಗದಪತ್ರ ವಿಲೇವಾರಿ ಮಾಡಿ ಬಾ ಎಂದು, ಬಸವಕಲ್ಯಾಣದಲ್ಲಿ ಗುಮಾಸ್ತನಾಗಿದ್ದ ನನ್ನನ್ನು ಅಟ್ಟಿದರು. ನನಗೆ ಉರ್ದು ಓದಲು ಬರುತ್ತಿತ್ತು, ಅದೇ ನಾನು ಮಾಡಿದ ತಪ್ಪು.

ಕೆಲಸ ಸರಳ. ಒಬ್ಬೊಬ್ಬ ಸಿಪಾಯಿಗೂ ಒಂದೊಂದು ಹಾಳೆ. ವಾರಸುದಾರರು ಇದ್ದವರ ಹಾಳೆಗಳನ್ನು ಬಟ್ಟೆಯಲ್ಲಿ ಕಟ್ಟಿ ಬೀದರಿಗೆ ಕಳಿಸಬೇಕು. ಯಾರೂ ಇಲ್ಲದವರದ್ದನ್ನು ಅಂಗಳದಲ್ಲಿ ಸುಡಬೇಕು.

ಹೊರಡುವ ದಿನ ಅವ್ವ ರೊಟ್ಟಿ ಬುತ್ತಿ ಕಟ್ಟುತ್ತ, ತಲೆ ಎತ್ತದೆ ಹೇಳಿದಳು.

"ಅಲ್ಲಿ ಮಾಳಪ್ಪ ಅಂತ ಒಬ್ಬರಿದ್ರು. ಮಾಳಪ್ಪ ವಲದ್ ಬೀರಪ್ಪ, ನಾರಾಯಣಪುರದವರು. ಅವರ ಕಾಗದ ಸುಡಬ್ಯಾಡಪ್ಪ. ವಾರಸದಾರ ಅಂತ ನಿನ್ನ ಹೆಸರು ಬರಿ."

"ಅವರು ನಮಗೇನಾಗಬೇಕವ್ವ?"

"ನನ್ನ ಕೈ ಮೊದಲ ಹಿಡದಾವರು."

ಆತ ಯುದ್ಧದಲ್ಲಿ ಸತ್ತನೆಂದು ಸುದ್ದಿ ಬಂದು ಅವ್ವ ಬಳೆ ಒಡೆದಿದ್ದಳು. ಕೆಲವು ವರ್ಷಗಳ ಮೇಲೆ ಹಿರಿಯರು ನನ್ನ ಅಪ್ಪನ ಜೊತೆ ಉಡಿಕಿ ಮಾಡಿದರು. ಗಂಡ ಸತ್ತವಳ ಎರಡನೇ ಮದುವೆಗೆ ನಮ್ಮ ಕಡೆ ಹಾಗನ್ನುತ್ತಾರೆ. ನಾನು ಹುಟ್ಟಿದ ಮೇಲೆ ತಿಳಿಯಿತಂತೆ, ಆತ ಬದುಕಿದ್ದಾನೆ, ಹುಮನಾಬಾದಿನಲ್ಲೇ ಇದ್ದಾನೆ ಅಂತ. ಒಂದು ಕಾಲಿಲ್ಲ. ದವಡೆ ಹಾರಿಹೋಗಿ ಮಾತಿಲ್ಲ. ಹೆಂಡತಿಗೆ ಇನ್ನೊಂದು ಸಂಸಾರವಾಗಿದೆ ಎಂದು ಗೊತ್ತಾದ ಮೇಲೆ, ತನಗೆ ಯಾರೂ ಇಲ್ಲವೆಂದು ಕೈಸನ್ನೆ ಮಾಡಿ ಬರೆಸಿದ್ದನಂತೆ. ಅವ್ವ ಒಮ್ಮೆ ಆ ಗೇಟಿನ ತನಕ ಹೋಗಿ, ಒಳಗೆ ಕಾಲಿಡಲಾರದೆ ತಿರುಗಿ ಬಂದಿದ್ದಳು. ಈಗ ಆತ ತೀರಿಕೊಂಡೂ ಕೆಲವು ವರ್ಷಗಳಾಗಿದ್ದವು.

"ಯಾರೂ ಇಲ್ಲದಾವರ ಜೊತಿ ಅವರನ್ನೂ ಸುಡಬ್ಯಾಡ, ಅಷ್ಟ," ಅಂದಳು ಅವ್ವ. ನಾನು ಹೂಂ ಅಂದೆ.

ಸಂಜೆ ಆ ಹಾಳೆ ಕೈಗೆ ಬಂತು. ಹೆಸರು ಮಾಳಪ್ಪ, ವಲದ್ ಅಂದರೆ ತಂದೆಯ ಹೆಸರು ಬೀರಪ್ಪ. ಎರಡು ಸಲ ಓದಿದೆ. ಕೆಳಗೆ ಮಸಿ ಹರಡಿದ ಹೆಬ್ಬೆಟ್ಟು. ಪೆನ್ನೂ ಕೈಯಲ್ಲೇ ಇತ್ತು. ಆದರೆ ತಂಗಿಗೆ ಮನ್ನಾಏಖೇಳ್ಳಿಯ ಸಂಬಂಧ ಆಗಷ್ಟೇ ಕೂಡಿಬಂದಿತ್ತು. ಮೊದಲ ಗಂಡ ಜೀವಂತ ಇರುವಾಗಲೇ ಇವರ ತಾಯಿಗೆ ಉಡಿಕಿ ಆಗಿದೆ ಎಂದು ನಾಲ್ಕು ಜನ ಆಡಿಕೊಂಡರೆ ಏನು ಗತಿ? ಹಾಳೆಯನ್ನು ಬೆಂಕಿಗೆ ಹಾಕಿದೆ.

"ಯಾರದ್ರಿ ಅದು?" ಕೋಲಿನಿಂದ ಬೂದಿ ಕೆದಕುತ್ತಿದ್ದ ಕಾವಲುಗಾರ ಮೌಲಾ ಚಾಚಾ ಕೇಳಿದ.

"ಮಾಳಪ್ಪ ಅಂತ."

"ಅಯ್ಯ, ಪಾಪ! ದಿನಾ ದೀಪ ಹಚ್ಚೂ ಹೊತ್ತಿಗಿ ಇಲ್ಲಿ ಜಮಾದಾರ ಹೆಸರು ಕೂಗ್ತಿದ್ದರಿ. ಹಾಜರ್ ಅಂದಾವಗ ಊಟ. ಮಾಳಪ್ಪಗ ಬಾಯಿ ಎಲ್ಲೀದು? ತಾಟು ಬಡೀತಿದ್ದ. ಜಮಾದಾರ ಒಪ್ಪಬೇಕಲ್ರಿ! ಬಾಯಿಲೇ ಅನ್ನಬೇಕು ಅಂತಿದ್ದ. ಅದಕ್ಕ ಬಾಜೂ ಖಾಟಿನಾಂವ ಅವನ ಪರವಾಗಿ ಹಾಜರ್ ಅಂತಿದ್ದ. ಅದು ಇಲ್ಲಿ ದಸ್ತೂರ್ ಇತ್ತರಿ."

ಅಷ್ಟರಲ್ಲಿ ಕೊನೆಯ ಬಸ್ಸೂ ತಪ್ಪಿತ್ತು. ಚಾಚಾ ಉದ್ದನೆಯ ಪಡಸಾಲೆಯಲ್ಲಿ ಒಂದು ಖಾಲಿ ಮಂಚಕ್ಕೆ ಹಾಸಿಕೊಟ್ಟು, ತಾನು ಹೊಸ್ತಿಲ ಹತ್ತಿರ ಕಂಬಳಿ ಹೊದ್ದು ಮಲಗಿದ. ಕಂದೀಲು ಸಣ್ಣದು ಮಾಡಿದೆ. ಎರಡೂ ಬದಿಗೆ ಬರೀ ಕಬ್ಬಿಣದ ಮಂಚಗಳು.

ಎಷ್ಟು ಹೊತ್ತಿಗೋ ಎಚ್ಚರವಾಯಿತು. ಮೊದಲು ಬಂದದ್ದು ವಾಸನೆ. ಫಿನಾಯಿಲು, ಬೀಡಿ, ನೋವಿಗೆ ಹಚ್ಚುವ ಎಣ್ಣೆ... ಮಲಗುವಾಗ ಅಲ್ಲಿ ಧೂಳಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

ಆಮೇಲೆ ದನಿ. ಪಡಸಾಲೆಯ ಆ ತುದಿಯಲ್ಲಿ ಯಾರೋ ಹೆಸರು ಕೂಗುತ್ತಿದ್ದರು. ಏರುದನಿಯಲ್ಲ, ದಿನಾ ಕೂಗಿ ಕೂಗಿ ಬೇಸತ್ತ ದನಿ.

ಒಂದು ಹೆಸರು... ಪಡಸಾಲೆಯ ಮೂಲೆಯಿಂದ, "ಹಾಜರ್."

ಇನ್ನೊಂದು ಹೆಸರು... "ಹಾಜರ್." ಈ ಸಲ ಇನ್ನಷ್ಟು ಹತ್ತಿರದಿಂದ.

ಆ ಹೆಸರುಗಳೆಲ್ಲ ನನಗೆ ಗೊತ್ತಿದ್ದವು. ಸಂಜೆ ನಾನೇ ಓದಿ ಓದಿ ಬೆಂಕಿಗೆ ಹಾಕಿದವರು! ಬೀದರಿಗೆಂದು ಕಟ್ಟಿಟ್ಟವರ ಒಂದು ಹೆಸರೂ ಬರಲಿಲ್ಲ.

"ಮಾಳಪ್ಪ ವಲದ್ ಬೀರಪ್ಪ."

ಠಣ್...

ನನ್ನ ಎಡಕ್ಕೆ. ಕೈ ಚಾಚಿದರೆ ಸಿಗುವಷ್ಟು ದೂರದ ಮಂಚದಿಂದ. ತಾಟಿಗೆ ಬೆರಳ ಗಂಟು ಬಡಿದ ಸದ್ದು.

ಆ ಕಡೆ ತಿರುಗಿ ನೋಡುವ ಧೈರ್ಯ ಆಗಲಿಲ್ಲ. ಚಾಚಾನ ಮಾತು ಆಗ ನೆನಪಾಯಿತು. ಆತನ ಬಾಜೂ ಮಂಚದಲ್ಲಿ ಮಲಗಿದವನು ನಾನು.

"ಮಾಳಪ್ಪ ವಲದ್ ಬೀರಪ್ಪ."

ಠಣ್... ಠಣ್...

"ಸಾಬ್..." ಹೊಸ್ತಿಲಿನಿಂದ ಚಾಚಾನ ಪಿಸುದನಿ. ಆತನಿಗೂ ಕೇಳಿಸುತ್ತಿತ್ತು! "ಅಂದ್ಬಿಡ್ರಿ ಸಾಬ್. ಒಂದ ಮಾತು."

"ನೀವ ಅನ್ರಿ ಚಾಚಾ..."

"ನಾ ಅಂದ್ರ ನಡ್ಯಾಂಗಿಲ್ರಿ. ಬಾಜೂ ಖಾಟಿನಾವ್ರು ನೀವದೀರಿ."

ಬಾಯಿ ತೆರೆದೆ. ದೇವರಾಣೆ, ತೆರೆದೆ. ಆದರೆ ಆ ಮಾತು ಅಂದರೆ ಆತನನ್ನು ನಮ್ಮವನೆಂದು ಒಪ್ಪಿದಂತೆ ಎಂದು ಆ ಹೆದರಿಕೆಯಲ್ಲೂ ನನ್ನ ತಲೆ ಲೆಕ್ಕ ಹಾಕಿತು. ತಂಗಿಯ ಮದುವೆ, ಅಪ್ಪನ ಮುಖ... ತೆರೆದ ಬಾಯಿ ಮುಚ್ಚಿಕೊಂಡೆ.

ಇನ್ನೊಮ್ಮೆ ಹೆಸರು ಬಂತು. ತಾಟು ಒಂದೇ ಸಮನೆ ಬಡಿದುಕೊಂಡಿತು. ಹಸಿದವರು ಬಡಿಯುವ ಹಾಗಲ್ಲ. ಇದ್ದೇನೆ, ಇಲ್ಲೇ ಇದ್ದೇನೆ ಎಂದು ಹೇಳುವ ಹಾಗೆ. ಬಡಿಯುತ್ತಲೇ ಇತ್ತು. ನಾನು ಕಿವಿ ಮುಚ್ಚಿಕೊಂಡೆ.

"ಗೈರ್ ಹಾಜರ್," ಅಂದಿತು ದನಿ.

ತಾಟು ನಿಂತಿತು. ಅದನ್ನು ನೆಲದ ಮೇಲೆ ಮೆಲ್ಲಗೆ ಇಟ್ಟ ಸದ್ದಾಯಿತು. ಆಮೇಲೆ ಆ ರಾತ್ರಿ ಯಾವ ಹೆಸರೂ ಕೇಳಿಸಲಿಲ್ಲ.

ಬೆಳಗ್ಗೆ ಪಕ್ಕದ ಮಂಚದ ಮೇಲೂ ಕೆಳಗೂ ಹುಡುಕಿದೆ. ಧೂಳು ಬಿಟ್ಟು ಏನೂ ಇರಲಿಲ್ಲ. ಚಾಚಾ ಚಹಾ ತಂದುಕೊಟ್ಟು ಎದುರಿನ ಮಂಚದ ಮೇಲೆ ಕೂತ.

"ಸಾಬ್, ಮಾಳಪ್ಪ ನಿಮಗೇನರ ಆಗಬೇಕೇನ್ರಿ?"

ಬೆಳಕಿತ್ತು. ಹೆದರಿಕೆ ಇರಲಿಲ್ಲ. ಕೇಳುವವನು ಒಬ್ಬ ಮುದುಕ ಅಷ್ಟೇ. ಆಗಲೂ ನಾನು ಹೇಳಿದ್ದು, "ಏನೂ ಆಗಬೇಕಿಲ್ಲರಿ."

"ಹಂಗಾರ ಬಿಡ್ರಿ," ಅಂದು ಆತ ಎದ್ದು ಹೋದ. ಬಸ್ಸಿಗೆ ಹೊರಟಾಗ ಸಲಾಮಿಗೂ ಬರಲಿಲ್ಲ.

ಮನೆಯಲ್ಲಿ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. "ಬರದ್ಯಾ?"

"ಬರದೀನವ್ವ."

ಅವಳು ಸೆರಗಿನಿಂದ ಕಣ್ಣೊತ್ತಿಕೊಂಡು, "ಅವರಿಗೂ ಒಬ್ಬ ಮಗ ಆದಂಗಾತು ನೋಡು," ಅಂದಳು. ಸಾಯುವ ತನಕ ಅದನ್ನೇ ನಂಬಿದ್ದಳು. ತಂಗಿಯ ಮದುವೆ ಚೆನ್ನಾಗಿಯೇ ಆಯಿತು, ಬೀಗರ ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ.

ಆ ರಾತ್ರಿ ನಾನು ಕೇಳಿದ್ದೇನು, ಚಾಚಾ ಕೇಳಿದ್ದೇನು, ನನಗೆ ಇವತ್ತಿಗೂ ಗೊತ್ತಿಲ್ಲ. ದೀಪ ಹಚ್ಚುವ ಹೊತ್ತಿಗೆ ಅಡುಗೆಮನೆಯಲ್ಲಿ ತಾಟು ಠಣ್ ಅಂದರೆ ಈಗಲೂ ಕೈಯಲ್ಲಿನ ಕೆಲಸ ನಿಲ್ಲಿಸುತ್ತೇನೆ. ಸುತ್ತ ಯಾರೂ ಇಲ್ಲದಿದ್ದರೆ ಮೆಲ್ಲಗೆ ಹಾಜರ್ ಅನ್ನುತ್ತೇನೆ. ಯಾರಾದರೂ ಇದ್ದರೆ, ಈಗಲೂ, ಸುಮ್ಮನಿರುತ್ತೇನೆ.