ಒಂದು ಫರ್ಲಾಂಗಿನ ಧೈರ್ಯ

ಕೊಣನೂರಿನ ಮೋಹನ್‌ಕುಮಾರ್ ಹುಟ್ಟಿದ ಕೂಡಲೇ ಅಳಲಿಲ್ಲವಂತೆ. ಸೂಲಗಿತ್ತಿ ತಲೆಕೆಳಗು ಹಿಡಿದು ಬೆನ್ನಿಗೆ ಎರಡು ಬಾರಿಸಿದರೂ ಸದ್ದಿಲ್ಲ. ಅತ್ತರೆ ಯಾವುದಾದರೂ ಪ್ರಾಣಿ ಕೇಳಿಸಿಕೊಂಡು ಬಂದೀತೆಂದು ಬಾಯಿ ಬಿಗಿಹಿಡಿದಿದ್ದ ಎಂದು ಊರಿನವರು ಈಗಲೂ ಹೇಳುತ್ತಾರೆ. ಇದರಲ್ಲಿ ಅರ್ಧ ಸುಳ್ಳಿರಬಹುದು. ಉಳಿದರ್ಧಕ್ಕೆ ಊರೇ ಸಾಕ್ಷಿ. ಹೆಗ್ಗಣ ಕಂಡರೆ ಅಟ್ಟ ಹತ್ತುತ್ತಿದ್ದ. ಅಟ್ಟದಲ್ಲಿ ಇಲಿ ಕಂಡರೆ ಹೆಂಚು ಸರಿಸಿ ಸೂರಿನ ಮೇಲೆ ಕೂರುತ್ತಿದ್ದ. ಸಂತೆಯಲ್ಲಿ ಒಂದು ಎಮ್ಮೆ ಇವನ ಕಡೆ ತಿರುಗಿ ಆಕಳಿಸಿತೆಂದು ರಾಮನಾಥಪುರದವರೆಗೂ ಓಡಿದನಂತೆ. ಹೊಳೆ ಅಡ್ಡ ಬಂತು, ನಿಂತ. ಇಲ್ಲದಿದ್ದರೆ ಕೇರಳ ಮುಟ್ಟುತ್ತಿದ್ದ.

ಇಂಥವನಿಗೆ ಕಾಡುಪ್ರಾಣಿಗಳ ಫೋಟೊ ತೆಗೆಯುವ ಹುಚ್ಚು ಹಿಡಿಯಿತು. ಜನ ನಕ್ಕರು. ಆದರೆ ಹೆದರಿದವನಷ್ಟು ಕಣ್ಣಿಟ್ಟು ಪ್ರಾಣಿಯನ್ನು ನೋಡುವವರು ಬೇರೆ ಯಾರಿದ್ದಾರೆ?

ಬಸ್‌ಸ್ಟ್ಯಾಂಡಿನ ಪಕ್ಕ ಅವನದೊಂದು ಸ್ಟುಡಿಯೊ. ಹೊಳೆನರಸೀಪುರದಿಂದ ಚನ್ನರಾಯಪಟ್ಟಣದವರೆಗೆ ಯಾವ ಛತ್ರದಲ್ಲಿ ಮದುವೆಯಾದರೂ ಕ್ಯಾಮೆರಾ ಹೊತ್ತು ಹೋಗುವುದು ಅವನು. ಕಂಪ್ಯೂಟರಿನ ಮುಂದೆ ಕೂತು ಗಂಡಿನ ಮೊಡವೆ ಅಳಿಸಿ, ಹೆಣ್ಣಿನ ಸೋದರತ್ತೆಯ ಸಿಡುಕು ಮೋರೆಗೆ ಬೆಳಕು ಹಚ್ಚಿ ಆಲ್ಬಂ ಮಾಡುವುದು ಅವನ ಹೆಂಡತಿ ಭವ್ಯಶ್ರೀ. ಬಿಡುವಿದ್ದಾಗ ಅವನು ಪ್ರಾಣಿಗಳ ಬೆನ್ನು ಹತ್ತುತ್ತಿದ್ದ, ಬಹಳ ದೂರದಿಂದ. ನವಿಲನ್ನು ಮನೆಯೊಳಗೆ ನಿಂತು ಕಿಟಕಿಯ ಸರಳುಗಳ ನಡುವಿನಿಂದ ತೆಗೆದ. ಕಾಡಾನೆ ಬಂದಾಗ ಆನೆ ಅರಕಲಗೂಡು ತಾಲ್ಲೂಕಿನಲ್ಲಿತ್ತು, ಇವನು ಹೊಳೆನರಸೀಪುರ ತಾಲ್ಲೂಕಿನಲ್ಲಿದ್ದ. ಆ ಚಿತ್ರದಲ್ಲಿ ಆನೆ ಯಾವುದೆಂದು ತಿಳಿಯಲು ಭವ್ಯಶ್ರೀ ಬಾಣದ ಗುರುತು ಹಾಕಬೇಕಾಯಿತು.

ಬೇಕಾಗಿದ್ದದ್ದು ಇನ್ನೂ ಉದ್ದನೆಯ ಲೆನ್ಸು. ಉಳಿದವರಿಗೆ ಅದು ಪ್ರಾಣಿಯನ್ನು ಹತ್ತಿರ ತರುವ ಸಾಧನ. ಇವನಿಗೆ ತಾನು ದೂರ ಉಳಿಯುವ ಉಪಾಯ. ಅವನ ದೊಡ್ಡ ಕ್ಯಾಮೆರಾಕ್ಕೆ ಹೊಂದುವ ಅಂಥ ಲೆನ್ಸಿಗೆ ಮನೆಯ ಬೆಲೆ, ರುಬ್ಬುಗುಂಡಿನ ತೂಕ. ಹಾಸನದ ಅಂಗಡಿಯವನು ಬೇರೆ ದಾರಿ ತೋರಿಸಿದ. "ಕಂಪನೀನೇ ಬದ್ಲಾಯ್ಸಿ ಸಾ. ಈ ಹೊಸ ಕ್ಯಾಮೆರಾದೊಳಗಿನ ಕಣ್ಣು ಸಣ್ಣದು. ಅದ್ಕೇ ಗೇಣುದ್ದದ ಲೆನ್ಸು ಎರಡು ಗೇಣಿನದರಷ್ಟು ದೂರದ್ದನ್ನ ಎಳ್ಕೊಂಡ್ ಬತ್ತದೆ. ತೂಕಾನೂ ಇಲ್ಲ, ರೇಟೂ ಕಮ್ಮಿ." ತೊಡಕು ಒಂದೇ: ಹಳೆಯದು ಯಾವುದೂ ಇದಕ್ಕೆ ಕೂರುವುದಿಲ್ಲ. ಅಲ್ಲಿಯವರೆಗೆ ಮನೆಗೆ ಅನ್ನ ಹಾಕಿದ್ದ ಕ್ಯಾಮೆರಾ, ಲೆನ್ಸು, ಫ್ಲ್ಯಾಷು ಎಲ್ಲವನ್ನೂ ಮಾರಿಬಿಡಬೇಕು.

ಭವ್ಯಶ್ರೀ ಎರಡು ದಿನ ಸ್ಟುಡಿಯೊದ ಲೆಕ್ಕದ ಪುಸ್ತಕ ತಿರುವಿದಳು. ಮೂರನೆಯ ದಿನ ಮುದ್ದೆ ಮುರಿಯುತ್ತ ಕೇಳಿದಳು.

"ಅದು ಬಂದ್ರೆ ನೀವು ಪ್ರಾಣಿ ಅತ್ರ ಓಗಲ್ಲ ತಾನೆ?"

"ಅತ್ರ ಓಗ್ಬಾರ್ದು ಅಂತ್ಲೇ ಕಣೆ ತಗೊಳ್ಳೋದು."

"ಒಂದು ಫರ್ಲಾಂಗು. ಅದರಿಂದೀಚೆಗೆ ಯಾವ ಪ್ರಾಣೀನೂ ಇರಕೂಡ್ದು. ನನ್ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿ."

ಮುದ್ದೆಯ ಕೈಯನ್ನೇ ತಲೆ ಮೇಲಿಟ್ಟ. ಅವಳು ನಗಲಿಲ್ಲ. ಅವಳ ಅಪ್ಪ ಹುಲ್ಲಿಗೆ ಹೋಗಿ ಆನೆಗೆ ಸಿಕ್ಕಿ ಮನೆಗೆ ಬಂದಿರಲಿಲ್ಲ. ಅವಳಾಗ ಮೂರನೇ ಕ್ಲಾಸು, ಬಾಗಿಲಲ್ಲೇ ನಿಂತು ದಾರಿ ಕಾದಿದ್ದಳು.

ಹೊಸ ಕ್ಯಾಮೆರಾ ಬಂತು. ಅದರಲ್ಲಿ ಎಲ್ಲವೂ ತಿರುಗುಮುರುಗು. ಲೆನ್ಸು ಹಾಕಲು ಎಡಕ್ಕೆ ತಿರುಗಿಸುತ್ತಿದ್ದವನು ಬಲಕ್ಕೆ ತಿರುಗಿಸಬೇಕು. ಮೊದಲ ಮದುವೆಯಲ್ಲಿ ಅವನು ಗುಂಡಿ ಹುಡುಕಿ ಮುಗಿಸುವಷ್ಟರಲ್ಲಿ ಆ ದಂಪತಿಗೆ ಎರಡು ಮಕ್ಕಳಾಗಿದ್ದವೆಂದು ಛತ್ರದ ಅಡುಗೆಯವರು ಹಬ್ಬಿಸಿದರು. ಎಲ್ಲಕ್ಕಿಂತ ದೊಡ್ಡ ಪೇಚಾಟವೆಂದರೆ ಅದು ಸದ್ದೇ ಮಾಡುತ್ತಿರಲಿಲ್ಲ. ಹಳೆಯದು 'ಟಕ್' ಎನ್ನುತ್ತಿತ್ತು, ಜನ ಚದುರುತ್ತಿದ್ದರು. ಈಗ ಫೋಟೊ ತೆಗೆದಾದ ಮೇಲೂ ಇಡೀ ಬಳಗ ಹಲ್ಲು ಕಿರಿದು ನಿಂತೇ ಇರುತ್ತಿತ್ತು. "ಆಯ್ತು ಕಣ್ರಪ್ಪೋ" ಎಂದು ಕೂಗಬೇಕಾಯಿತು.

ಹೀಗಿರುವಾಗ ಭವ್ಯಶ್ರೀಯ ಸೋದರಮಾವ ದ್ಯಾವಯ್ಯ ಸುದ್ದಿ ತಂದ. ಅವನ ಹೊಗೆಸೊಪ್ಪಿನ ಹೊಲದ ಆಚೆ ಒಂದು ಕಲ್ಲುಗುಡ್ಡ. ಅಲ್ಲಿ ದಿನಾ ಸಂಜೆ ಚಿರತೆ ಬಿಸಿಲು ಕಾಯುತ್ತದೆ.

"ಎಷ್ಟು ದೂರ ಮಾವ?"

"ನಮ್ ಒಲದ್ ಬದುವಿಂದ ಆ ಬಂಡೆಗೆ ಸರಿಯಾಗಿ ಒಂದು ಫರ್ಲಾಂಗು ಅಳಿಮಯ್ಯ. ನಾನಿಲ್ವಾ? ಮಚ್ಚು ಐತೆ. ಈ ಮಚ್ಚಲ್ಲಿ ಒಂದೇ ಏಟ್ಗೆ ತೆಂಗಿನ್ ಮರ ಕಡ್ದಿವ್ನಿ."

ಫರ್ಲಾಂಗು ಎಂಬ ಮಾತು ಕೇಳಿ ಮೋಹನ್‌ಕುಮಾರನಿಗೆ ಧೈರ್ಯ ಬಂತು. ಅಂದೇ ಸಂಜೆ ದ್ಯಾವಯ್ಯನ ಜೊತೆ ಹೋಗಿ, ಬದುವಿನ ಮೇಲೆ ಲಂಟಾನ ಪೊದೆಯ ಮರೆಯಲ್ಲಿ ಮೊಣಕಾಲೂರಿ ಕೂತ. ಲೆನ್ಸಿನ ಪಕ್ಕದ ಗುಂಡಿಯನ್ನು ದೂರದ್ದಕ್ಕೆ ಸರಿಸಿದ. ಹಾಗೆ ಮಾಡಿದರೆ ಅದು ಹತ್ತಿರದ ಎಲೆ ಕಡ್ಡಿ ಹುಡುಕುತ್ತ ಕೂರದೆ ನೇರ ದೂರಕ್ಕೇ ಕಣ್ಣು ನೆಡುತ್ತದೆಂದು ಅಂಗಡಿಯವನು ಹೇಳಿಕೊಟ್ಟಿದ್ದ.

ಹೊತ್ತು ಇಳಿಯುತ್ತಿರುವಾಗ ಬಂಡೆಯ ಮೇಲೆ ಚಿರತೆ ಕಂಡಿತು. ಇನ್ನೂ ಎಳೆಯದು. ಕಿವಿಯ ಕೂದಲು ಕೂಡ ಎಣಿಸುವಷ್ಟು ಸ್ಪಷ್ಟ. ಮೋಹನ್‌ಕುಮಾರನ ಬೆನ್ನಿನಲ್ಲಿ ಬೆವರಿನ ಹಳ್ಳವೇ ಹರಿಯಿತು.

"ನೀವು ಮುಂದ್ಗಡೆ ನೋಡ್ಕಳಿ, ನಾನು ಇಂದ್ಗಡೆ ನೋಡ್ಕತೀನಿ" ಎಂದು ದ್ಯಾವಯ್ಯ ಪಿಸುಗುಟ್ಟಿ ಹಿಂದಕ್ಕೆ ಸರಿದ. ಆ ಹಿಂದುಗಡೆ ಎಂಬುದು ಅವನ ಮನೆಯ ಅಡುಗೆಕೋಣೆ ಎಂದು ಆಮೇಲೆ ಗೊತ್ತಾಯಿತು.

ಮೋಹನ್‌ಕುಮಾರ್ ಗುಂಡಿ ಒತ್ತುತ್ತಿದ್ದ. ಮರಿ ಆಕಳಿಸಿತು, ತೆಗೆದ. ಪಂಜ ನೆಕ್ಕಿತು, ತೆಗೆದ. ಇದ್ದಕ್ಕಿದ್ದಂತೆ ಮರಿ ತಲೆಯೆತ್ತಿ ಇವನ ಕಡೆಗೇ ನೋಡಿತು. ಅಷ್ಟರಲ್ಲಿ ಕ್ಯಾಮೆರಾದ ಒಳಗೆಲ್ಲ ಹಳದಿ ತುಂಬಿಕೊಂಡಿತು. ಬಂಡೆಯಿಲ್ಲ, ಮರಿಯಿಲ್ಲ, ಹಳದಿ ಮಂಜು, ಅದರಲ್ಲಿ ತೇಲುವ ಕಪ್ಪು ಕಲೆಗಳು.

ಕೆಟ್ಟುಹೋಯಿತು ಎಂದುಕೊಂಡ. ಎಲ್ಲ ಮಾರಿ ತಂದ ವಸ್ತು ಕೆಟ್ಟುಹೋಯಿತು. ಹಾಸನದವನ ಏಳು ತಲೆಮಾರನ್ನು ಮನಸ್ಸಿನಲ್ಲೇ ಬೈಯುತ್ತ ಲೆನ್ಸಿನ ಬಳೆ ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಹಳದಿ ಅಲುಗಾಡಿತು. ಆಗ ಮೂಗಿಗೆ ಹಸಿಮಾಂಸದ, ನೆನೆದ ನಾಯಿಯ ವಾಸನೆ ಬಡಿಯಿತು. ಕ್ಯಾಮೆರಾಕ್ಕೆ ವಾಸನೆ ಬರುವುದಿಲ್ಲ.

ಕ್ಯಾಮೆರಾ ಕೆಳಗಿಳಿಸದೆ ಇನ್ನೊಂದು ಕಣ್ಣು ತೆರೆದ. ಪೊದೆಯ ಆಚೆ ತಾಯಿ ಚಿರತೆ ಅಡ್ಡ ನಿಂತಿತ್ತು. ನಡುವೆ ಒಂದು ಮಂಚ ಹಾಕಬಹುದಿತ್ತು, ಎರಡು ಹಾಕಲಾಗುತ್ತಿರಲಿಲ್ಲ. ಅದರ ಪಕ್ಕೆ ಏರಿಳಿಯುವುದು ಕಾಣುತ್ತಿತ್ತು. ಅದು ಮರಿಯ ಕಡೆ ನೋಡುತ್ತಿತ್ತು. ಒಂದು ಕಿವಿ ಮಾತ್ರ ಮೆಲ್ಲಗೆ ಇವನ ಕಡೆ ತಿರುಗಿತು.

ಓಡಬೇಕೆನ್ನಿಸಿತು. ಎಮ್ಮೆಗೆ ಹೆದರಿ ರಾಮನಾಥಪುರದವರೆಗೆ ಓಡಿದ ಕಾಲುಗಳು ಈಗ ಬೇರೆ ಯಾರದೋ ಆಗಿದ್ದವು. ಬೆರಳು ಗುಂಡಿಯ ಮೇಲೇ ಅಂಟಿತ್ತು. ಎತ್ತಿದರೆ ಸದ್ದಾದೀತೆಂಬ ಹೆದರಿಕೆಗೆ ಎತ್ತಲಿಲ್ಲ. ಕ್ಯಾಮೆರಾ ಒಂದರ ಮೇಲೊಂದು ಫೋಟೊ ತೆಗೆಯುತ್ತಲೇ ಇತ್ತು, ಸದ್ದಿಲ್ಲದೆ. ಹಳೆಯದಾಗಿದ್ದರೆ ಇಷ್ಟು ಹೊತ್ತಿಗೆ ಅಕ್ಕಿ ಗಿರಣಿಯಂತೆ ಬಡಿದುಕೊಂಡಿರುತ್ತಿತ್ತು. ಭವ್ಯಶ್ರೀ ಬಾಗಿಲಲ್ಲಿ ನಿಂತು ದಾರಿ ನೋಡುವುದು ಅವನ ಕಣ್ಣಿಗೆ ಕಟ್ಟಿತು. ಅವಳು ಹಾಗೆ ಇನ್ನೊಮ್ಮೆ ನಿಲ್ಲುವಂತಾಗಬಾರದು ಎಂದಷ್ಟೇ ದೇವರಲ್ಲಿ ಕೇಳಿಕೊಂಡ.

ಕಿವಿ ಮರಳಿ ಮುಂದಕ್ಕೆ ತಿರುಗಿತು. ಚಿರತೆ ಒಣಗಿದ ಹುಲ್ಲುಕಡ್ಡಿಯೊಂದೂ ಮುರಿಯದಂತೆ ಬದುವಿಳಿದು, ಗುಡ್ಡದ ಕಡೆ ಹೊರಟುಹೋಯಿತು.

ಅವನು ಮನೆಗೆ ಹೇಗೆ ಬಂದನೆಂದು ಅವನಿಗೂ ಗೊತ್ತಿಲ್ಲ, ಬೈಕಿಗೂ ಗೊತ್ತಿಲ್ಲ.

"ಸಿಕ್ತಾ?" ಎಂದಳು ಭವ್ಯಶ್ರೀ.

"ಸಿಕ್ತು. ಒಂದು ಫರ್ಲಾಂಗು. ಒಸಿ ಜಾಸ್ತೀನೇ."

ಅವಳು ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಳು. ಮರಿಯ ಚಿತ್ರಗಳು ಒಂದಕ್ಕಿಂತ ಒಂದು ಚೆನ್ನ. "ಅಯ್ಯೋ, ಎಷ್ಟು ಮುದ್ದಾಗೈತೆ ರೀ!" ಆಮೇಲೆ ಹಳದಿ ಬಂತು. ಮುಂದಿನದೂ ಹಳದಿ. ಅದರ ಮುಂದಿನದೂ.

"ಅದು... ಕ್ಯಾಮೆರಾ ಕೈಕೊಡ್ತು. ಸೋಮಾರ ಹಾಸನಕ್ಕೆ ತಗೊಂಡೋಗ್ತೀನಿ."

ಭವ್ಯಶ್ರೀ ಹಿಂದಿನ ಚಿತ್ರಕ್ಕೆ ಹೋಗಿ ಮತ್ತೆ ಮುಂದಕ್ಕೆ ಬಂದಳು. ಇಂಥ ಮಂಜನ್ನು ಅವಳು ಎಷ್ಟು ಆಲ್ಬಮ್ಮುಗಳಿಂದ ಕಿತ್ತು ಎಸೆದಿದ್ದಳೋ ಲೆಕ್ಕವಿಲ್ಲ. ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಯಾರೋ ದೊಡ್ಡಮ್ಮ ರೇಷ್ಮೆ ಸೀರೆಯುಟ್ಟು ಲೆನ್ಸಿನ ಮುಂದೆಯೇ ಹಾದುಹೋಗುತ್ತಿದ್ದರು.

"ರೀ."

"ಊಂ."

"ಇದು ಕ್ಯಾಮೆರಾ ಕೆಟ್ಟಿರೋದಲ್ಲ. ಮುಂದೆ ಯಾರೋ ಅಡ್ಡ ಬಂದವ್ರೆ."

ಅವನು ಗೋಡೆ ನೋಡಿದ.

"ಅಡ್ಡ ಬಂದೋರು ಯಾರು?" ಎಂದು ಕೇಳುವಾಗಲೇ ಆ ಕಪ್ಪು ಕಲೆಗಳು ಅವಳ ಕಣ್ಣಿಗೆ ಬಿದ್ದವು. ಮರಿಯ ಚಿತ್ರಕ್ಕೆ ಮರಳಿ ಅದರ ಮೈಮೇಲಿನ ಕಲೆಗಳನ್ನು ನೋಡಿದಳು. ಕುರ್ಚಿಯನ್ನು ಕಂಪ್ಯೂಟರಿನಿಂದ ಹಿಂದಕ್ಕೆ ಸರಿಸಿದಳು. ಬೈಯುತ್ತಾಳೆಂದು ಕಾದ, ಬೈದಿದ್ದರೆ ವಾಸಿಯಿತ್ತು.

"ಮಾರ್ಬುಡ್ತೀನಿ ಕಣೆ" ಎಂದ ಅವನೇ. "ನಾಳೇನೇ."

"ಮಾರುದ್ರೆ ಅದು ಗುಡ್ಡ ಬಿಟ್ಟು ಓಯ್ತದಾ? ನೀವು ನೋಡೋದು ಬಿಡ್ತೀರಾ? ಲೆನ್ಸ್ ಇಲ್ದೆ ಅತ್ರ ಓಗಿ ನೋಡ್ತೀರಾ, ನಂಗೊತ್ತಿಲ್ವಾ?" ಅವಳು ಕ್ಯಾಮೆರಾ ಎತ್ತಿ ಅವನ ಕೈಗಿಟ್ಟಳು. "ಅದ್ರೊಳಗೆ ಕಣ್ಣಿಟ್ರೆ ದೂರದ್ದೇ ಕಾಣೋದು. ಅತ್ರದ್ದನ್ನ ನೋಡೋಕೆ ಇನ್ನೊಬ್ರು ಬೇಕು."

"ನಿಮ್ ಮಾವ ಇದ್ರಲ್ಲ..."

"ನಮ್ಮಾವ ಮಚ್ಚಲ್ಲಿ ಇದುವರ್ಗೂ ಕಡ್ದಿರೋದು ಎಳನೀರು ಒಂದೇ."

ಮುಂದಿನ ಭಾನುವಾರ ಸಂಜೆ ದ್ಯಾವಯ್ಯನ ಪಂಪ್‌ಸೆಟ್ ಮನೆಯ ತಾರಸಿಯ ಮೇಲೆ ಗಂಡ ಹೆಂಡತಿ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದರು. ಏಣಿಯನ್ನು ಮೇಲಕ್ಕೆ ಎಳೆದುಕೊಂಡಿದ್ದರು. ಅವನು ಗುಡ್ಡದ ಕಡೆ ಮುಖ ಮಾಡಿ ಲೆನ್ಸಿನೊಳಗೆ ನೋಡುತ್ತಿದ್ದ. ಅವಳು ಹೊಲದ ಕಡೆ ಮುಖ ಮಾಡಿ, ರೆಪ್ಪೆ ಬಡಿಯದೆ, ಹೊಗೆಸೊಪ್ಪಿನ ಒಂದೊಂದು ಸಾಲನ್ನೂ ನೋಡುತ್ತಿದ್ದಳು.

"ಏನಾರಾ ಕಾಣ್ತದಾ?" ಎಂದ.

"ಮಾತಾಡ್ಬೇಡಿ."

ಅವನ ಬೆನ್ನಿಗೆ ಎದೆ ಹೊಡೆದುಕೊಳ್ಳುವುದು ಗೊತ್ತಾಗುತ್ತಿತ್ತು. ತನ್ನದೋ ಅವಳದೋ ಎಂದು ಬೇರ್ಪಡಿಸಲು ನೋಡಿದ, ಆಗಲಿಲ್ಲ. ಬಂಡೆಯ ಮೇಲೆ ಮರಿ ಬಂದು ಕೂತಿತು. ತಾಯಿ ಇನ್ನೂ ಕಾಣಿಸಿರಲಿಲ್ಲ.