ಬೀಗಿತ್ತಿಯ ಫ್ರಿಜ್ಜು

ನನಗಾಗ ಐವತ್ತೆಂಟು. ಹನ್ನೆರಡು ವರ್ಷದ ಹಿಂದಿನ ಮಾತು. ಬಸವನಗುಡಿಯ ಮಗಳ ಮನೆಗೆ ಬಂದ ದಿನ, ಅನ್ನಕ್ಕೂ ಬೀಗ ಹಾಕ್ತಾರೆ ಅಂತ ಗೊತ್ತಾಯಿತು. ಆಳೆತ್ತರದ ಬಿಳೀ ಫ್ರಿಜ್ಜು. ಬಾಗಿಲು ತೆಗೆದರೆ ದೀಪ, ಮುಚ್ಚಿದರೆ ಬೀಗ. ಬೀಗದಕೈ ನನ್ನ ಮಗಳ ಅತ್ತೆಯ ಸೊಂಟದಲ್ಲಿ.

ಮಗಳು ಲಲಿತ ಬ್ಯಾಂಕಿಗೆ ಹೋಗ್ತಾಳೆ. ಅವಳ ಕೂಸು ನೋಡಿಕೊಳ್ಳಲು ಬಂದವಳು ಉಳಿದುಬಿಟ್ಟೆ.

ನಮ್ಮ ಶಿರಾ ಕಡೆ ನಾನು ಹೇಗಿದ್ದೆ ಅಂತ ಹೇಳ್ತೀನಿ ಕೇಳಿ. ಸೂರಿನಿಂದ ಇಳಿಬಿಟ್ಟ ಹಗ್ಗದ ನೆಲವಿನಲ್ಲಿ ಬೆಕ್ಕಿಗೆ ಎಟುಕದ ಹಾಗೆ ಮೊಸರಿನ ಮಡಕೆ. ರಾತ್ರಿ ಮಿಕ್ಕ ಮುದ್ದೆ ಮಜ್ಜಿಗೆಯಲ್ಲಿ ನೆನೆ ಹಾಕಿದರೆ ಬೆಳಿಗ್ಗೆಗೆ ಊಟ. ತಂಗಳೇ. ಆದರೆ ನಾನೇ ಎತ್ತಿಟ್ಟದ್ದು, ನಾನೇ ತಿಂದದ್ದು.

ಇಲ್ಲಿ ಬೀಗಿತ್ತಿ ಮಿಕ್ಕಿದ್ದನ್ನೆಲ್ಲ ಸ್ಟೀಲ್ ಡಬ್ಬಿಗೆ ತುಂಬಿ ಫ್ರಿಜ್ಜಿಗೆ ತಳ್ಳುತ್ತಿದ್ದಳು. ಮನೆಯವರಿಗೆ ಬಿಸಿ ಅಡಿಗೆ, ಡಬ್ಬಿ ನನಗೆ.

"ವೇಸ್ಟ್ ಮಾಡಬಾರದು ಬೀಗ್ತೀ. ನಿಮಗೆ ತಂಗಳು ಅಭ್ಯಾಸ ಅಲ್ವಾ?"

ಆ ಮನೆಯಲ್ಲಿ ಅನ್ನ ಹಾಳಾಗದೆ ಇದ್ದದ್ದು ಫ್ರಿಜ್ಜಿನಿಂದಲ್ಲ, ನನ್ನ ಹೊಟ್ಟೆಯಿಂದ. ಲಲಿತ ತಲೆ ಬಗ್ಗಿಸಿ ಉಣ್ಣುತ್ತಿದ್ದಳು. ಮಾತಾಡೋಕೆ ನನಗಿದ್ದದ್ದು ಗಾಂಧಿ ಬಜಾರಿನ ಸೊಪ್ಪಿನವಳು ಒಬ್ಬಳೇ. "ಯಾವೂರಮ್ಮಾ ನಿಂದು?" ಅಂತ ಕೇಳಿದ್ದು ಈ ಊರಲ್ಲಿ ಅವಳೇ ಮೊದಲು. ಅವತ್ತು ಬೇಡದಿದ್ದರೂ ಎರಡು ಕಟ್ಟು ಸಬ್ಬಸಿಗೆ ತಗೊಂಡೆ.

ಈಗ ಊರಿಗೆ ಹೋದರೆ ಸಾರು ಹಳಸೀತು ಅಂತ ಫ್ರಿಜ್ಜು ಹುಡುಕ್ತೀನಿ. ಇಲ್ಲಿ ಫ್ರಿಜ್ಜು ತೆಗೆದರೆ ನೆಲವು ನೆನಪಾಗ್ತದೆ. ಎಲ್ಲೂ ಪೂರ್ತಿ ನೆಟ್ಟಗೆ ಕೂರಲಿಲ್ಲ ನಾನು. ಅದಿರಲಿ, ಆ ಯುಗಾದಿಯ ಕಥೆ ಹೇಳಬೇಕು.

ನೆಂಟರು ತುಂಬಿದ್ದರು. ಎಲ್ಲರ ಎಲೆಗೂ ಒಬ್ಬಟ್ಟು ಬಿತ್ತು. ನನ್ನ ಎಲೆಗೆ ಹಬ್ಬಕ್ಕೆ ಮುಂಚಿನ ಹುರುಳಿಕಾಯಿ ಹುಳಿ.

"ನಮ್ಮ ಬೀಗ್ತಿಗೆ ಒಬ್ಬಟ್ಟು ಒಗ್ಗಲ್ಲ, ತಂಗಳೇ ಇಷ್ಟ," ಅಂದಳು. ಎಲ್ಲರೂ ನಕ್ಕರು. ಅಳಿಯನೂ ನಕ್ಕ. ನಾನು ಎಲೆ ಮಡಚಿ ಎದ್ದೆ. ನಾಳೆ ಆಗಲಿ ಅಂದುಕೊಂಡೆ.

ನಾಳೆ ಅಂದರೆ ಹೊಸತೊಡಕು. ಅವತ್ತು ಏನು ತಿಂತೀವೋ ವರ್ಷವೆಲ್ಲ ಅದೇ ಸಿಗ್ತದೆ ಅಂತ ನಂಬಿದವರು ನಾವು. ಬೀಗಿತ್ತಿ ನಮಗಿಂತ ಜಾಸ್ತಿ ನಂಬಿದವಳು.

ಬೆಳಿಗ್ಗೆ ಅವಳು ಬೀಗದಕೈ ಕಿಟಕಿಯ ಮೇಲಿಟ್ಟು ಸ್ನಾನಕ್ಕೆ ಹೋದಳು. ನಾನು ಫ್ರಿಜ್ಜು ತೆಗೆದು ಡಬ್ಬಿಯೆಲ್ಲ ಹೊರಗೆ ತಂದೆ. ಹುಳಿ, ಹಳೇ ಪಲ್ಯ, ಕಲ್ಲಿನಂಥ ಅನ್ನ, ಅವಳು ಬಂದು ಕೂತ ಕೂಡಲೇ ಎಲ್ಲ ಅವಳ ತಟ್ಟೆಗೆ ಬಡಿಸಿದೆ. ತಿಂಡಿಗೆ ಕೂತ ನೆಂಟರು ನೋಡುತ್ತಿದ್ದರು.

"ಇದೇನು ಬೀಗ್ತೀ, ತೊಡಕಿನ ದಿನ!"

"ವೇಸ್ಟ್ ಮಾಡಬಾರದಲ್ವಾ? ಉಣ್ಣಿ."

ಅಷ್ಟು ಜನರ ಮುಂದೆ ಅನ್ನ ಚೆಲ್ಲೋ ಹಾಗಿಲ್ಲ. ತಿಂದಳು. ನಾನು ಬೀಗದಕೈ ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳೆದುರಿಗೇ ಕೂತೆ. ರಾತ್ರಿ ನಾನೇ ಮಾಡಿ ನೆನೆ ಹಾಕಿದ್ದ ಮುದ್ದೆಯನ್ನ ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಕಚ್ಚಿಕೊಂಡು, ಪೂರ್ತಿ ಕುಡಿದೆ.